ಕಡಲಡಿಯ ಎರಡು ತಕ್ಕಡಿ

ಜಾಕ್ ಕೂಸ್ತೊ ಮತ್ತು ಲೂಯಿ ಮಾಲ್ ನಿರ್ದೇಶಿಸಿದ ‘ಮೌನ ಜಗತ್ತು’ ಎಂಬ ಫ್ರೆಂಚ್ ಸಾಕ್ಷ್ಯಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿ ದೊರೆಯಿತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮನುಷ್ಯ ಮೀನಿನಂತೆ ಈಜುವುದನ್ನು ಬಣ್ಣದಲ್ಲಿ ತೋರಿಸಿ ಲೋಕವನ್ನು ಬೆರಗುಗೊಳಿಸಿದ ಚಿತ್ರವಿದು. ಆ ಉಸಿರಾಟದ ಯಂತ್ರವನ್ನು 1943ರಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನೊಡನೆ ರೂಪಿಸಿದವನೂ ಕೂಸ್ತೊ ಎಂಬುದನ್ನು ನೆನೆದರೆ ಬೆರಗು ಇಮ್ಮಡಿಯಾಗುತ್ತದೆ.

ಈ ಅದ್ಭುತದ ನಡುವೆ ಬೀಭತ್ಸದ ಒಂದು ಘಟ್ಟವಿದೆ. ಹಿಂದೂ ಮಹಾಸಾಗರದಲ್ಲಿ ‘ಕ್ಯಾಲಿಪ್ಸೊ’ ಹಡಗಿನ ಚಕ್ರಕ್ಕೆ ಸಿಕ್ಕಿ ತಿಮಿಂಗಿಲದ ಮರಿಯೊಂದು ಗಾಯಗೊಳ್ಳುತ್ತದೆ. ಅದರ ಸಂಕಟ ನೋಡಲಾರದೆ ನಾವಿಕರು ಗುಂಡಿಕ್ಕುತ್ತಾರೆ. ನೆತ್ತರಿನ ಜಾಡು ಹಿಡಿದು ಶಾರ್ಕ್‌ಗಳು ಬಂದು ಹೆಣವನ್ನು ಹರಿದು ತಿನ್ನುತ್ತವೆ. ಪಂಜರದೊಳಗಿಂದ ಅದನ್ನೆಲ್ಲ ಚಿತ್ರಿಸಿಕೊಂಡ ಮೇಲೆ, ನಾವಿಕರು ಶಾರ್ಕ್‌ಗಳನ್ನು ಕೊಕ್ಕೆ ಹಾಕಿ ಎಳೆದು, ಹಡಗಿನ ಮೇಲೆ ಕೊಡಲಿಯಿಂದ ಕೊಚ್ಚುತ್ತಾರೆ. ನಾವಿಕರಿಗೂ ಶಾರ್ಕಿಗೂ ಹಿಂದಿನಿಂದ ಬಂದ ಹಗೆಯೆಂದು ನಿರೂಪಣೆ ಸಮಾಧಾನ ಹೇಳುತ್ತದೆ. ಮರಿಯನ್ನು ಸೀಳಿದ್ದು ಹಡಗು, ಶಿಕ್ಷೆ ಶಾರ್ಕಿಗೆ!

ಅಂದಿನ ಕಾಲವೇ ಹಾಗಿತ್ತು, ಇಂದಿನ ಕಣ್ಣಿನಿಂದ ಅಳೆಯುವುದು ಅನ್ಯಾಯ ಎಂದು ಕೆಲವರು ಹೇಳಿಯಾರು. ಆದರೆ ನನ್ನ ಆಕ್ಷೇಪ ಹೊರಗಿನಿಂದ ತಂದುದಲ್ಲ, ಚಿತ್ರವೇ ಒದಗಿಸಿದುದು. ಸೇಶೆಲ್ಸ್‌ಗೆ ಸೇರಿದ ದೂರದ ಅಸಂಪ್ಷನ್ ದ್ವೀಪದ ಬಳಿ ಗ್ರೂಪರ್ ಜಾತಿಯ ಭಾರಿ ಮೀನೊಂದು ಮುಳುಗುಗಾರರ ಗೆಳೆತನ ಬೆಳೆಸುತ್ತದೆ. ಅದಕ್ಕೆ ಜೋಜೋ ಎಂಬ ಹೆಸರು. ಅವರ ಚೀಲದಿಂದ ಮಾಂಸ ತಿನ್ನುತ್ತದೆ, ಜೊತೆಯಲ್ಲಿ ನರ್ತಿಸುವಂತೆ ಸುತ್ತುತ್ತದೆ. ಅದರ ಆಸೆಬುರುಕತನ ಅತಿಯಾದಾಗ ಅದನ್ನು ಶಾರ್ಕ್ ಪಂಜರದೊಳಗೇ ಕೂಡಿಹಾಕುತ್ತಾರೆ, ನಾವು ನಗುತ್ತೇವೆ. ಮೀನಿಗೂ ಒಂದು ವ್ಯಕ್ತಿತ್ವವಿದೆಯೆಂದು ನಮಗೆ ಕಲಿಸಿದ್ದು ಈ ಚಿತ್ರವೇ. ಕೈತುತ್ತು ತಿಂದ ಮೀನಿಗೆ ಹೆಸರು, ತನ್ನ ಸಹಜಧರ್ಮದಂತೆ ತಿಂದ ಮೀನಿಗೆ ಕೊಡಲಿ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿಯಿದ್ದರೆ ಗಿರಾಕಿ ಕೇಳಬಾರದೆ?

ಕೂಸ್ತೊ ಅಲ್ಲಿಯೇ ನಿಲ್ಲಲಿಲ್ಲವೆಂಬುದು ಅವನ ಹಿರಿಮೆ. 1970ರಲ್ಲಿ ಮಗ ಫಿಲಿಪ್ಪನೊಡನೆ ಶಾರ್ಕ್‌ಗಳ ಬಗೆಗೇ ಒಂದು ಗ್ರಂಥ ಬರೆದ. 1997ರಲ್ಲಿ ತೀರಿಕೊಳ್ಳುವ ವೇಳೆಗೆ ಕಡಲನ್ನು ಕಾಪಾಡಿರೆಂದು ಕೂಗಿ ಹೇಳಿದವರಲ್ಲಿ ಅವನೇ ಮುಖ್ಯನಾಗಿದ್ದ. ಕಡಲಿನ ಕಥೆ ಮಾತ್ರ ಬೇರೆ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ರೇ ಮೀನುಗಳ ಸಂಖ್ಯೆ ಶೇಕಡಾ 71ರಷ್ಟು ಕುಗ್ಗಿತೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದಕ್ಕೆ ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ, ನಾವಿಕರ ಹಗೆಯಲ್ಲ.

ಹಾಗಾದರೆ ಆ ಘಟ್ಟವನ್ನು ಕತ್ತರಿಸಿಬಿಡೋಣವೆ? ಕೂಡದೆಂದೇ ನನ್ನ ಅಭಿಪ್ರಾಯ. ಹಡಗಿನವರು ತಮ್ಮ ಕ್ರೌರ್ಯವನ್ನು ಬಚ್ಚಿಡದೆ ತೋರಿಸಿದ್ದಾರೆ. ಕತ್ತರಿಸಿದ ಚಿತ್ರ ಚೆಲುವಾದೀತು, ಸಾಕ್ಷ್ಯವಾಗದು. ಇಂದು ದೂರದ ದ್ವೀಪಗಳಿಗೆ ಹೋಗಿ ಶಾರ್ಕ್‌ಗಳ ನಡುವೆ ಈಜಿ ಬರುವ ತರುಣರು ಈ ಚಿತ್ರವನ್ನು ಇಡಿಯಾಗಿ ನೋಡಬೇಕು. ತಾವು ಮೆಚ್ಚುವ ಪ್ರಾಣಿಯನ್ನು, ಅದೇ ನೀರಿನಲ್ಲಿ ಅದೇ ಯಂತ್ರ ತೊಟ್ಟವರು ಹೇಗೆ ಕಂಡಿದ್ದರೆಂಬುದು ಅವರಿಗೆ ತಿಳಿದಿರಲಿ.