ಓಲೆಗರಿಯ ಗೆರೆ, ಇಂಕ್‌ಜೆಟ್‌ನ ಹನಿ

ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಓಲೆಗರಿಯ ವಚನಗಳನ್ನು ಅಚ್ಚಿಗೆ ತಂದರು. ಅಚ್ಚಿನ ಮೊಳೆ ಪಾಠವನ್ನಷ್ಟೇ ಕೊಡುತ್ತಿತ್ತು. ಇಂದಿನ ಇಂಕ್‌ಜೆಟ್ ಪ್ರತಿಕೃತಿ ಗರಿಯ ರೂಪವನ್ನೂ ಕೊಡುತ್ತದೆ. ಇದು ಶ್ಲಾಘ್ಯವೇ. ಅದರಲ್ಲಿಯೂ ವರ್ಣಕಣಗಳ ಮಸಿಯು ಕರಗುವ ಬಣ್ಣದ ಮಸಿಗಿಂತ ನೀರು, ಬೆಳಕುಗಳನ್ನು ಹೆಚ್ಚು ತಾಳುತ್ತದೆ. ಆದರೆ ಕಂಠದಿಂದ ಕೊರೆದ ಅಕ್ಷರಕ್ಕೆ ಆಳವುಂಟು. ಕಾಡಿಗೆ ಅಳಿದರೂ ಓರೆಬೆಳಕಿನಲ್ಲಿ ಗೆರೆ ಕಾಣುತ್ತದೆ, ಮರಳಿ ಮಸಿ ತುಂಬಲೂ ಬರುತ್ತದೆ. ಹನಿಯ ಅಕ್ಷರಕ್ಕೆ ಆ ಆಳವಿಲ್ಲ. ಹುಳು ಕೊರೆದ ತೂತೂ ಲಿಪಿಕಾರನ ಸೊನ್ನೆಯೂ ಅಲ್ಲಿ ಒಂದೇ ಕಪ್ಪಾಗಿ ತೋರಬಹುದು. ‘ಮದ’ವು ‘ಮಂದ’ವಾಗಲು ಅಷ್ಟು ಸಾಕು. ಆದುದರಿಂದ ಪ್ರತಿಕೃತಿಯು ವಾಚನಕ್ಕೆ ಸಾಕು, ಪಾಠನಿರ್ಣಯಕ್ಕೆ ಸಾಲದು. ಅದು ದೊರೆಯಿತೆಂದು ಶಾಸ್ತ್ರಭಂಡಾರಗಳು ಮೂಲಗರಿಯನ್ನು ಉಪೇಕ್ಷಿಸಿದರೆ, ಸಂದೇಹ ಉಳಿಯುವುದು, ಪರಿಹಾರ ಉಳಿಯದು.