ಕಾದಂಬರಿಯಲ್ಲಿ ಹೊಟ್ಟೆಪಾಡು

ಹೊಸ ಕಾದಂಬರಿಯೊಂದು ಪ್ರಕಟವಾದಾಗ ಕನ್ನಡದಲ್ಲಿ ಬರುವ ವಿಮರ್ಶೆಗಳ ಧಾಟಿ ಬಹುಮಟ್ಟಿಗೆ ಒಂದೇ. ಮೊದಲು ಕಥಾಸಾರ, ಅನಂತರ ಪಾತ್ರಪೋಷಣೆಯ ವಿಷಯವಾಗಿ ನಾಲ್ಕು ಮಾತು, ಕೊನೆಗೆ ಕೃತಿ ಯಾವ ಪಂಥಕ್ಕೆ ಸಲ್ಲತಕ್ಕದ್ದೆಂಬ ನಿರ್ಣಯ. ಪಾತ್ರಗಳು ಯಾರನ್ನು ಪ್ರೀತಿಸಿದರು, ಯಾರನ್ನು ದ್ವೇಷಿಸಿದರು ಎಂಬುದೆಲ್ಲ ಅಲ್ಲಿ ಬರುತ್ತದೆ. ಅವರ ಊಟ ಎಲ್ಲಿಂದ ಬರುತ್ತಿತ್ತು, ಸಂಬಳ ಕೊಡುವವರು ಯಾರು, ವ್ಯಾಪಾರದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಗಳು ಮಾತ್ರ ಸಾಹಿತ್ಯಕ್ಕೆ ಹೊರತಾದುವೆಂಬಂತೆ ಬದಿಗೆ ಸರಿಯುತ್ತವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ದಿಲ್ಲಿಗಳನ್ನು ಸೇರಿದ ಕನ್ನಡ ಓದುಗನಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಅವನ ಬದುಕಿಗೆ ಆಕಾರ ಕೊಟ್ಟದ್ದು ಈ ಪ್ರಶ್ನೆಗಳೇ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಕುರಿತು ‘ಮಾನವೀಯ’ ಎಂಬ ಮಾತು ಎಷ್ಟು ಸಲ ಬಂದಿದೆಯೋ! ಆ ಕಥೆಗಳಲ್ಲಿನ ಸಣ್ಣಪುಟ್ಟ ಕಸುಬುಗಳ ಮಾತು ಅದರ ಕಾಲುಭಾಗವೂ ಬಂದಂತಿಲ್ಲ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಗೆ ದೊರೆತ ವಿಮರ್ಶೆ ಇದಕ್ಕಿಂತ ಎಷ್ಟೋ ಗಂಭೀರವಾದುದು. ಆದರೂ ಕೊರತೆ ಅದೇ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪ ಇದ್ದಕ್ಕಿದ್ದಂತೆ ಕೆಲಸದಿಂದ ದೂರವಿರಿಸಲ್ಪಟ್ಟು ವಿಚಾರಣೆಗೆ ಗುರಿಯಾಗುತ್ತಾನೆ. ವಿಮರ್ಶಕರು ಕಾಫ್ಕಾನನ್ನು ನೆನೆದರು, ಅಸ್ತಿತ್ವವಾದದ ಹೆಸರೆತ್ತಿದರು. ಹೋಲಿಕೆ ತಪ್ಪೆನ್ನುವಂತಿಲ್ಲ. ಆದರೆ ಆ ಕಾಫ್ಕಾ ತಾನೇ ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯೊಂದರ ನೌಕರನಾಗಿದ್ದನೆಂಬುದನ್ನು ಮರೆಯಲಾಯಿತು. ಚಿತ್ತಾಲರೂ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ನಾಗಪ್ಪನ ಭಯ ವಿಶ್ವದ ಅರ್ಥಹೀನತೆಯಿಂದ ಹುಟ್ಟಿದ್ದಲ್ಲ. ಮೇಲಧಿಕಾರಿಯ ಒಂದು ಪತ್ರದಿಂದ, ಸಹೋದ್ಯೋಗಿಯ ಒಂದು ಮೌನದಿಂದ ಹುಟ್ಟಿದ್ದು. ವಿಶ್ವಕ್ಕೆ ಅದು ಹರಡುವುದು ಆಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡಿ ಓದಿದರೆ ಕಾದಂಬರಿ ತತ್ತ್ವದ ಉದಾಹರಣೆಯಾಗಿ ಬಡವಾಗುತ್ತದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಗಾತ್ರದಲ್ಲಿ ಚಿಕ್ಕದು. ಶ್ರೀನಾಥ್ ಪೆರೂರ್ ಅವರ ಅನುವಾದದ ಮೂಲಕ ಅದು ಇಂಗ್ಲಿಷ್ ಓದುಗರನ್ನು ತಲುಪಿದ ಮೇಲೆ ಹೊರನಾಡುಗಳಲ್ಲಿಯೂ ಕೀರ್ತಿ ಬಂದಿತು. ಚೆಕಾಫ್‌ನ ಹೆಸರು ಕೇಳಿಬಂದಿತು. ಆ ಕೀರ್ತಿ ತಿರುಗಿ ಬಂದ ಅನಂತರವೇ ಕನ್ನಡದ ಮೂಲವನ್ನು ಹುಡುಕಿದ ಕನ್ನಡಿಗರೂ ಇದ್ದಾರು, ಇರಲಿ. ಈ ಕೃತಿಯನ್ನು ‘ಹಣ ಬಂದಿತು, ಗುಣ ಹೋಯಿತು’ ಎಂಬ ಸಾರಕ್ಕೆ ಇಳಿಸುವುದು ಸುಲಭ. ಅಷ್ಟನ್ನೇ ಹೇಳಲು ಕಥೆ ಬೇಕಿರಲಿಲ್ಲ, ಗಾದೆ ಸಾಕಾಗಿತ್ತು. ಇಲ್ಲಿ ನೋಡಬೇಕಾದದ್ದು ಹಣಕ್ಕಿಂತ ಹಣದ ಹಂಚಿಕೆಯನ್ನು. ಚಹಾಪುಡಿಯ ಮಾರಾಟಗಾರನಾಗಿದ್ದ ತಂದೆ ಲೆಕ್ಕ ಬರೆಯಲು ಕುಳಿತರೆ, ಅದು ತಾಳೆಯಾಗುವವರೆಗೆ ಮನೆಮಂದಿಗೆಲ್ಲ ಆತಂಕ. ನೌಕರಿ ಕಳೆದುಕೊಂಡಾಗ ಕೈಗೆ ಬಂದ ಗಂಟನ್ನು ಆತ ತಮ್ಮನ ಮಸಾಲೆಪುಡಿಯ ವ್ಯಾಪಾರಕ್ಕೆ ಹಾಕಿ ಅರ್ಧ ಪಾಲುದಾರನಾಗುತ್ತಾನೆ. ವ್ಯಾಪಾರ ಕೈಹತ್ತುತ್ತದೆ, ಇರುವೆಗಳ ಕಾಟದ ಹಳೆಯ ಮನೆ ಹೋಗಿ ದೊಡ್ಡ ಮನೆ ಬರುತ್ತದೆ. ಆಗ ತಂದೆಯ ವಿಷಯದಲ್ಲಿ ಮನೆಯವರು ತೋರುವ ಎಚ್ಚರ ಮರ್ಯಾದೆಯಂತೆ ಕಾಣುತ್ತದೆ. ನಿಜವಾಗಿ ಅದು ಉಯಿಲಿನ ಅಂಜಿಕೆ.

ಈ ಅಂಜಿಕೆಗೆ ಕಾನೂನಿನ ಆಧಾರವುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಂತ ಆಸ್ತಿ ಮೊದಲು ಹೆಂಡತಿಗೂ ಮಕ್ಕಳಿಗೂ, ತಾಯಿ ಇದ್ದರೆ ಆಕೆಗೂ, ಸಮಪಾಲಾಗಿ ಸೇರುತ್ತದೆ. ಇವರು ಇರುವವರೆಗೆ ಒಡಹುಟ್ಟಿದ ತಮ್ಮನಿಗೆ ಅದರಲ್ಲಿ ಹಕ್ಕಿಲ್ಲ. ಉಯಿಲು ಬರೆದರೋ, ಸ್ವಂತ ಆಸ್ತಿಯನ್ನು ಯಾವ ಧರ್ಮಕಾರ್ಯಕ್ಕಾದರೂ ಬಿಟ್ಟುಕೊಡಬಹುದು. ನ್ಯಾಯವಂತನಾದ, ಲೋಭವಿಲ್ಲದ ಮುದುಕನೊಬ್ಬನ ಕೈಯಲ್ಲಿ ಅರ್ಧ ವ್ಯಾಪಾರ! ಅವನ ಒಳ್ಳೆಯತನವೇ ಮನೆಗೆ ಅಪಾಯಕಾರಿಯಾಗಿ ಪರಿಣಮಿಸಿದೆ. ಕೃತಿಯ ಹಾಸ್ಯ, ಕ್ರೌರ್ಯಗಳೆರಡೂ ಇಲ್ಲಿ ಹುದುಗಿವೆ. ಪಾಲಿನ ವಿಚಾರವನ್ನು ಬಿಟ್ಟವನಿಗೆ ಕಾಣುವುದು ಸಾಧು ಸ್ವಭಾವದ ಒಬ್ಬ ತಂದೆ ಮಾತ್ರ.

‘ಚಿಕ್ಕಪ್ಪ’ ಎಂಬ ಸಂಬೋಧನೆಯನ್ನೂ ಹೀಗೆಯೇ ಗಮನಿಸಬೇಕು. ಮನೆಯಲ್ಲಿ ದುಡಿಯುವವನು ಅವನೊಬ್ಬ. ಅವನ ಊಟ, ನಿದ್ರೆ, ವಿರಾಮಗಳಿಗೆ ತಕ್ಕಂತೆ ಉಳಿದವರ ದಿನಚರಿ. ವ್ಯವಹಾರದಲ್ಲಿ ಅವನು ಧಣಿ. ಆದರೆ ಧಣಿಯೆಂದು ಯಾರೂ ಕರೆಯರು. ನೆಂಟಸ್ತಿಕೆಯ ಪದವೊಂದು ಧಣಿತನವನ್ನು ಮುಚ್ಚಿಕೊಂಡಿರುವವರೆಗೆ ಮನೆ ಮನೆಯಾಗಿರುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಈ ಪದವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಪರಭಾಷೆಯ ಓದುಗ ಅದರ ಮುಂದೆ ಒಂದು ಕ್ಷಣ ನಿಲ್ಲುತ್ತಾನೆ. ಕನ್ನಡದ ವಿಮರ್ಶಕನಿಗೆ ಅದು ದಿನಬಳಕೆಯ ಮಾತಾದುದರಿಂದ ಕಣ್ಣು ಜಾರಿ ಮುಂದೆ ಹೋಗುತ್ತದೆ.

ಹೀಗೆಂದು ವಿಮರ್ಶಕನು ಲೆಕ್ಕಪರಿಶೋಧಕನಾಗಿ ಕೂಡಬೇಕೆಂದಲ್ಲ. ಕಾದಂಬರಿಯ ಕಂಪನಿಯಲ್ಲಿ ಕಡತ ಸರಿಯಾದ ಮೇಜಿನಿಂದ ಸರಿಯಾದ ಮೇಜಿಗೆ ಹೋಯಿತೇ ಎಂದು ಕೆಂಪು ಗೆರೆ ಎಳೆಯುವ ವಿದ್ಯಾವಂತರೂ ಇದ್ದಾರೆ. ಅವರಿಂದ ಸಾಹಿತ್ಯಕ್ಕೆ ಆಗಬೇಕಾದ್ದೇನೂ ಇಲ್ಲ. ವಿವರ ನಿಜವೇ ಎಂಬುದಕ್ಕಿಂತ, ವಿವರ ಏನು ಕೆಲಸ ಮಾಡುತ್ತಿದೆ ಎಂಬುದು ವಿಮರ್ಶೆಯ ಪ್ರಶ್ನೆ. ಕಥೆ ಬರೆಯಹೊರಟ ತರುಣರಿಗೂ ಇದರಿಂದ ಪ್ರಯೋಜನವುಂಟು. ಪಾತ್ರಕ್ಕೆ ಉದ್ಯೋಗವನ್ನು ಅಂಗಿ ತೊಡಿಸಿದಂತೆ ತೊಡಿಸಿ, ಮರುಪುಟದಲ್ಲಿ ಮರೆಯುವ ಕಥೆಗಳು ಈಗಲೂ ಹೇರಳವಾಗಿ ಬರುತ್ತಿವೆ.

‘ಘಾಚರ್ ಘೋಚರ್’ನ ನಿರೂಪಕ ಹೆಸರಿಗೆ ಡೈರೆಕ್ಟರ್. ಮಾಡಬೇಕಾದ ಕೆಲಸವಿಲ್ಲ, ಸಂಬಳ ತಪ್ಪದೆ ಜಮೆಯಾಗುತ್ತದೆ. ಕಾಫಿಹೌಸಿನಲ್ಲಿ ಗಂಟೆಗಟ್ಟಲೆ ಕುಳಿತು ಮಾಣಿ ವಿನ್ಸೆಂಟನ ಮಾತುಗಳಲ್ಲಿ ಗೂಢಾರ್ಥ ಹುಡುಕುತ್ತಾನೆ. ವಿನ್ಸೆಂಟ್ ದುಡಿಯುವವನು, ಅವನ ಮಾತಿಗೆ ಅರ್ಥ ಹಚ್ಚುವವನು ದುಡಿಯದವನು. ಹೆಂಡತಿ ಅನಿತಾ ಮೊದಲು ಆಕ್ಷೇಪಿಸಿದ್ದು ಈ ಬಿಟ್ಟಿ ಸಂಬಳವನ್ನೇ. ಓದುಗನ ಮುಂದೆ ಇಷ್ಟು ನಾಜೂಕಾಗಿ, ಇಷ್ಟು ನಿಧಾನವಾಗಿ ಕಥೆ ಹೇಳಲು ಅವನಿಗೆ ದೊರೆತ ಬಿಡುವು ಕೂಡ ಆ ಸಂಬಳದ್ದೇ. ಹೇಳದೆ ಬಿಟ್ಟದ್ದೂ ಅದರದ್ದೇ.