ಏಳು ಬ್ಯಾಂಡಿನ ಸಂಗೀತ

ಕಾದಂಬರಿಗೆ ವಿಮರ್ಶೆ ಬರುತ್ತೆ. ಸಿನಿಮಾಕ್ಕೆ ಬಿಡುಗಡೆಯಾದ ದಿನ ಮಧ್ಯಾಹ್ನವೇ ಬರುತ್ತೆ. ಈಗೀಗ ಮಸಾಲೆದೋಸೆಗೂ ಐದಕ್ಕೆ ಎಷ್ಟು ಸ್ಟಾರ್ ಅಂತ ಬರುತ್ತೆ. ಆದರೆ ನಮ್ಮ ಹುಡುಗ ಹುಡುಗಿಯರು ಅಕ್ಷರ ಬಿಡದೆ ಬಾಯಿಪಾಠ ಮಾಡುವ ಒಂದು ಸಾಹಿತ್ಯ ಪ್ರಕಾರ ಇದೆ, ಅದನ್ನ ಮಾತ್ರ ಯಾವ ವಿಮರ್ಶಕರೂ ಮುಟ್ಟಿದ್ದು ನಾನು ಕಂಡಿಲ್ಲ. ಐಇಎಲ್‌ಟಿಎಸ್ ಮಾತಿನ ಪರೀಕ್ಷೆಗೆಂದು ಬರೆದಿಟ್ಟ ಮಾಡೆಲ್ ಆನ್ಸರ್‌ಗಳು. ಕೋಚಿಂಗ್ ಸೆಂಟರಿನವರು ಸ್ಪೈರಲ್ ಬೈಂಡ್ ಮಾಡಿಸಿ ಕೊಡ್ತಾರೆ. ಜೆರಾಕ್ಸಿನ ಜೆರಾಕ್ಸು, ಪುಟದ ಅಂಚೆಲ್ಲ ಕಪ್ಪು. ಅಂಥ ಒಂದು ಕಟ್ಟಿನಲ್ಲಿ ‘ಮ್ಯೂಸಿಕ್’ ಅನ್ನೋ ಅಧ್ಯಾಯವನ್ನ ಕಳೆದ ಮಳೆಗಾಲದಲ್ಲಿ ಮೊದಲಿಂದ ಕೊನೆವರೆಗೆ ಓದಿದೆ. ಪೆನ್ಸಿಲ್ ಹಿಡಿದು ಓದಿದೆ.

ಆ ಪುಟಗಳಲ್ಲಿ ಮಾತಾಡುವ ಮನುಷ್ಯನನ್ನ ಸ್ವಲ್ಪ ನೋಡಿ. ದಿನವಿಡೀ ದುಡಿದು ದಣಿದು ಬಂದಮೇಲೆ ಅವನು ಮೆಲುವಾದ ಸಂಗೀತ ಕೇಳ್ತಾನೆ. ಅದು ಅವನ ಮನಸ್ಸಿಗೆ ನೆಮ್ಮದಿ ಕೊಡುತ್ತೆ. ಜಾಝ್ ಇಷ್ಟ, ಕ್ಲಾಸಿಕಲ್ ಇಷ್ಟ, ಪಾಪ್ ಕೂಡ ಇಷ್ಟ, ಎಲ್ಲಾ ಮೂಡಿನ ಮೇಲೆ. ಚಿಕ್ಕಂದಿನಲ್ಲಿ ಗಿಟಾರ್ ಕಲಿಯೋ ಆಸೆ ಇತ್ತು, ಟೈಮ್ ಸಿಗಲಿಲ್ಲ. ಸಂಗೀತಕ್ಕೆ ಭಾಷೆಯ ಗಡಿ ಇಲ್ಲ ಅಂತ ಬಲವಾಗಿ ನಂಬಿದ್ದಾನೆ. ಇಷ್ಟೆಲ್ಲ ಹೇಳೋನು ಒಂದೇ ಒಂದು ಹಾಡಿನ ಹೆಸರು ಹೇಳಲ್ಲ. ಯಾರ ಮನೆಯ ಗೋಡೆ ದಾಟಿ ಬಂದ ಹಾಡು, ಯಾವ ಬಸ್ಸಿನಲ್ಲಿ ಕೇಳಿದ್ದು, ಯಾರು ಹಾಡ್ತಾ ಹಾಡ್ತಾ ಎರಡನೇ ಚರಣ ಮರೆತದ್ದು, ಏನೂ ಇಲ್ಲ. ಅವನಿಗೆ ಅಮ್ಮ ಇಲ್ಲ, ಬೀದಿ ಇಲ್ಲ, ನೈಟ್ ಶಿಫ್ಟ್ ಇಲ್ಲ. ಒಂದು ಸೋಫಾ ಇರಬೇಕು ಅನ್ಸುತ್ತೆ. ಎಲ್ಲಕ್ಕಿಂತ ವಿಚಿತ್ರ ಅಂದರೆ ಅವನಿಗೆ ಇಷ್ಟವಿಲ್ಲದ ಸಂಗೀತವೇ ಇಲ್ಲ. ಕಾದಂಬರಿಯಲ್ಲಿ ಇಂಥ ಪಾತ್ರ ಬಂದಿದ್ದರೆ ಎರಡನೇ ಪುಟಕ್ಕೆ ಮುಚ್ಚಿಡ್ತಿದ್ವಿ. ಇಲ್ಲಿ ಫೀಸು ಕಟ್ಟಿ ಅವನ ಮಾತು ಕಲೀತೀವಿ.

ಪರೀಕ್ಷೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಮಾತಿನ ಭಾಗ 11ರಿಂದ 14 ನಿಮಿಷ. ಮೊದಲು ಊರು, ಕೆಲಸ, ಊಟ, ಸಂಗೀತ ಅಂತ ನಾಲ್ಕೈದು ನಿಮಿಷ ಲೋಕಾಭಿರಾಮ. ಆಮೇಲೆ ಕೈಗೊಂದು ಕಾರ್ಡ್ ಕೊಡ್ತಾರೆ, ನಿಮಗೆ ಇಷ್ಟವಾದ ಒಂದು ಹಾಡಿನ ಬಗ್ಗೆ ಹೇಳಿ ಅನ್ನೋ ಥರದ್ದು. ಯೋಚಿಸೋಕೆ ಒಂದು ನಿಮಿಷ, ಮಾತಾಡೋಕೆ ಒಂದೆರಡು ನಿಮಿಷ. ಕೊನೆಗೆ ಅದೇ ಎಳೆ ಹಿಡಿದು ಚರ್ಚೆ. ಅಂಕ ಕೊಡೋದು ನಾಲ್ಕು ವಿಷಯಕ್ಕೆ, ನಾಲ್ಕಕ್ಕೂ ಸಮಪಾಲು: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಅಭಿರುಚಿ ಅಂತ ಐದನೇ ಕಾಲಂ ಇಲ್ಲ. ನೀವು ಬೀಥೋವನ್ ಅಂದರೂ ಅಷ್ಟೇ, ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ರೇಡಿಯೋ ಅಂದರೂ ಅಷ್ಟೇ. ಇದೇನು ಗುಟ್ಟಲ್ಲ. ನಿಮ್ಮ ಅಭಿಪ್ರಾಯಕ್ಕೆ ಅಂಕ ಇಲ್ಲ, ಅದನ್ನ ಹೇಳುವ ಭಾಷೆಗೆ ಮಾತ್ರ ಅಂತ ಪರೀಕ್ಷೆ ನಡೆಸೋರೇ ಹೇಳ್ತಾರೆ. ಹಾಗಿದ್ದ ಮೇಲೆ ಬೇರೆಯವರ ರುಚಿಯನ್ನ ನಮ್ಮ ಬಾಯಿಗೆ ಯಾಕೆ ತುರುಕ್ತಾರೆ ಅನ್ನೋದೇ ನನ್ನ ತಕರಾರು.

ಈ ಕಟ್ಟು ನನ್ನ ಕೈಗೆ ಬಂದಿದ್ದು ಉರಿಗಾಂನ ಒಬ್ಬ ಹುಡುಗಿಯಿಂದ. ನಮ್ಮ ಹಿಂದಿನ ಲೈನಿನವಳು. ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರ ಮನೆಗಳ ಸಾಲಿಗೆ ಈಗಲೂ ಲೈನ್ ಅಂತಲೇ ಹೆಸರು, ಗಣಿ ಮುಚ್ಚಿ ಕಾಲು ಶತಮಾನವಾದರೂ. ಅವಳು ಬಿಎಸ್‌ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ನನ್ನ ಹಾಗೇ ದಿನಾ ರೈಲಲ್ಲಿ ಓಡಾಡ್ತಾಳೆ. ಬ್ರಿಟನ್ನಿಗೆ ನರ್ಸ್ ಆಗಿ ಹೋಗಬೇಕು ಅಂದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಮಾತು, ಓದು, ಆಲಿಸುವಿಕೆ ಮೂರಕ್ಕೂ 7 ಕೇಳುತ್ತೆ, ಬರವಣಿಗೆಗೆ 6.5. ಒಂದು ಸಲ ಪರೀಕ್ಷೆಗೆ ಕೂರೋಕೆ 15,000 ರೂಪಾಯಿಗೂ ಮೇಲೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗಿಂದ ಅವಳ ಅಪ್ಪ ಮಾಡ್ತಿರೋದು ಸೆಕ್ಯುರಿಟಿ ಗಾರ್ಡ್ ಕೆಲಸ. ಅರ್ಧ ಬ್ಯಾಂಡ್ ಕಮ್ಮಿ ಬಂದರೆ ಆ ಮನೆಯಲ್ಲಿ ಏನೇನು ಲೆಕ್ಕ ತಪ್ಪುತ್ತೆ ಅಂತ ನಾನು ಹೇಳಬೇಕಿಲ್ಲ.

ಹಾಗಾಗಿ ಬೆಳಗಿನ ರೈಲಲ್ಲಿ ಕೋರಮಂಡಲ್ ದಾಟಿದಮೇಲೆ ನಾನೇ ಪರೀಕ್ಷಕಿ. “ವಾಟ್ ಕೈಂಡ್ ಆಫ್ ಮ್ಯೂಸಿಕ್ ಡು ಯು ಲೈಕ್?” ಅಂದೆ. ಅವಳು ಕಣ್ಣನ್ನ ಮೇಲಿನ ಲಗೇಜ್ ರ‍್ಯಾಕಿಗೆ ನೆಟ್ಟು ಪಾರಾಯಣ ಶುರು ಮಾಡಿದಳು. ಸಾಫ್ಟ್ ಇನ್‌ಸ್ಟ್ರುಮೆಂಟಲ್ ಮ್ಯೂಸಿಕ್, ಹೆಕ್ಟಿಕ್ ಡೇ, ಸೂದಿಂಗ್. ತಪ್ಪಿಲ್ಲ, ತಡವರಿಕೆಯಿಲ್ಲ. ಯಾವ ವಾದ್ಯ ಅಂತ ಕೇಳಿದೆ. ಸುಮ್ಮನಾದಳು. ಕೊನೇ ಸಲ ಯಾವಾಗ ಕೇಳಿದ್ದು ಅಂದೆ. “ಅಕ್ಕಾ, ಅದು ನೋಟ್ಸಲ್ಲಿ ಇಲ್ಲ.”

ಮಾಡೆಲ್ ಆನ್ಸರ್ ಕೆಟ್ಟ ಬರವಣಿಗೆ ಅನ್ನೋದು ನನ್ನ ಮೊದಲ ಆಕ್ಷೇಪ ಆಗಿತ್ತು. ಅವಳ ಮೌನ ನೋಡಿದಮೇಲೆ ಎರಡನೆಯದು ಸೇರಿಕೊಂಡಿತು: ಅದು ಕೆಟ್ಟ ತಂತ್ರ ಕೂಡ. ಹಿಂದೆ ನೆನಪೇ ಇಲ್ಲದ ಉತ್ತರಕ್ಕೆ ಮುಂದಿನ ಪ್ರಶ್ನೆ ತಡೆದುಕೊಳ್ಳೋ ಶಕ್ತಿ ಇರಲ್ಲ. 7 ಬ್ಯಾಂಡಿಗೆ ಏನು ಬೇಕು ಅಂತ ಬಹಿರಂಗವಾಗೇ ಪ್ರಕಟವಾಗಿದೆ: ಹೆಚ್ಚು ಪ್ರಯಾಸ ಕಾಣದ ಹಾಗೆ ಉದ್ದಕ್ಕೆ ಮಾತಾಡಬೇಕು, ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳೂ ಬರಬೇಕು, ಸರಿಯಾದ ಪದ ಸಿಗದಿದ್ದಾಗ ಅದನ್ನ ಬೇರೆ ಮಾತಲ್ಲಿ ಬಿಡಿಸಿ ಹೇಳೋಕೆ ಗೊತ್ತಿರಬೇಕು. ಮಾಡೆಲ್ ಆನ್ಸರ್‌ನಲ್ಲಿ ಬಿಡಿಸಿ ಹೇಳೋಕೆ ಏನೂ ಇಲ್ಲ, ಜಾಝ್ ಅಂದರೆ ಜಾಝ್. ಆದರೆ ಆ ಅಧ್ಯಾಯದ ತಲೆಯ ಮೇಲೇ ಚೌಕ ಹಾಕಿ ಒಂದು ಸೂಚನೆ ಕೊಟ್ಟಿದ್ದರು: ಲೋಕಲ್ ಹೆಸರುಗಳು ಬೇಡ, ಪರೀಕ್ಷಕರಿಗೆ ಅರ್ಥವಾಗಲ್ಲ. ಅರ್ಥವಾಗದ್ದನ್ನ ಅರ್ಥ ಮಾಡಿಸೋದೇ ಪರೀಕ್ಷೆಯಲ್ವಾ ಸ್ವಾಮಿ?

ಪ್ರಶ್ನೆಯೂ ಅಂಥಾ ನಿರ್ಮಲವಾದದ್ದಲ್ಲ, ಅದನ್ನೂ ಹೇಳಿಬಿಡ್ತೀನಿ. ‘ಯಾವ ಥರದ ಸಂಗೀತ’ ಅನ್ನೋದು ಕ್ಯಾಸೆಟ್ ಅಂಗಡಿಯ ಶೆಲ್ಫಿನ ಮುಂದೆ ನಿಂತವರ ಪ್ರಶ್ನೆ. ಥರಗಳಿವೆ, ನೀವು ಒಬ್ಬರೇ ನಿಂತು ಒಂದನ್ನ ಆರಿಸ್ಕೊಳ್ತೀರಿ ಅಂತ ಅದು ಮೊದಲೇ ತೀರ್ಮಾನ ಮಾಡಿಕೊಂಡಿದೆ. ಉರಿಗಾಂನಲ್ಲಿ ಸಂಗೀತ ಆರಿಸಿಕೊಳ್ಳೋದು ಕಮ್ಮಿ, ಕಿವಿಗೆ ಬೀಳೋದೇ ಜಾಸ್ತಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಈ ಮನೆಯಲ್ಲಿ ಇಳಯರಾಜ, ಆ ಮನೆಯಲ್ಲಿ ರಾಜ್‌ಕುಮಾರ್, ಭಾನುವಾರ ಚರ್ಚಿನ ಕ್ವಾಯರ್, ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಯ ಮೈಕು. (ಇಳಯರಾಜ ಸಿನಿಮಾಕ್ಕೆ ಹೆಸರಾಗೋ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿದ್ದರು. ಹಾಗಾಗಿ ಆ ಎರಡು ಮನೆಗಳ ಮಧ್ಯೆ ಗೋಡೆ ನಾವಂದುಕೊಂಡಷ್ಟು ದಪ್ಪ ಇಲ್ಲ.) ನಿನಗೆ ಇದರಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ಹುಡುಗಿ ತಬ್ಬಿಬ್ಬಾಗ್ತಾಳೆ. ಯಾವುದು ಯಾರ ಮನೆಯದು ಅಂತ ಕೇಳಿ, ಒಂದು ಗಂಟೆ ಹೇಳ್ತಾಳೆ.

ಇಂಗ್ಲಿಷ್ ಸಂಗೀತ ಅಂದರೆ ನಾಟಕ, ನಮ್ಮದೆಲ್ಲ ಅಸಲಿ ಅಂತ ನಾನು ಹೇಳ್ತಿದೀನಿ ಅಂದ್ಕೋಬೇಡಿ. ಅದು ಬೇರೆ ಊರಲ್ಲಿ ನಡೆಯಬಹುದು, ಉರಿಗಾಂನಲ್ಲಿ ನಡೆಯಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದ ಮೇಲೆ ಇದಕ್ಕೆ ಲಿಟಲ್ ಇಂಗ್ಲೆಂಡ್ ಅಂತಲೇ ಹೆಸರು ಬಿತ್ತು. 1902ಕ್ಕೆ ಶಿವನಸಮುದ್ರದಿಂದ ಕರೆಂಟು ಬಂತು. ಬಂಗಲೆ, ಕ್ಲಬ್ಬು, ಡ್ಯಾನ್ಸು, ಚರ್ಚಿನ ಆರ್ಗನ್ನು ಎಲ್ಲ ಕಂಡ ಊರು. ನಮ್ಮ ಕಡೆಯ ಆಂಗ್ಲೋ ಇಂಡಿಯನ್ ಅಂಕಲ್ ಒಬ್ಬರ ಮನೆಯಲ್ಲಿ ಡಿಸೆಂಬರ್ ಬಂತು ಅಂದರೆ ಜಿಮ್ ರೀವ್ಸ್. 1963ರ ಕ್ರಿಸ್‌ಮಸ್ ರೆಕಾರ್ಡು, ಗೆರೆ ಬಿದ್ದು ಒಂದು ಕಡೆ ಸೂಜಿ ಹಾರುತ್ತೆ. ಬೀದಿಯ ಮಕ್ಕಳು ಕ್ಯಾರೋಲ್ ಹಾಡುವಾಗ ಆ ಜಾಗದಲ್ಲಿ ತಾವೂ ಹಾರಿಸ್ತಿದ್ದವು. ಆ ಅಂಕಲ್ ‘ಐ ಲೈಕ್ ಕಂಟ್ರಿ ಮ್ಯೂಸಿಕ್’ ಅಂದರೆ ಅದು ಮಾಡೆಲ್ ಆನ್ಸರ್ ಅಲ್ಲ, ಸೂಜಿ ಹಾರುವ ಜಾಗ ಕೂಡ ಅವರಿಗೆ ಗೊತ್ತು. ನನ್ನ ಅಳತೆಗೋಲು ಇಷ್ಟೇ.

ಟೇಕಲ್ ಹತ್ತಿರ ರೈಲು ನಿಂತೇಬಿಟ್ಟಿದ್ದ ಒಂದು ದಿನ ನಾನು ಇಂಗ್ಲಿಷ್ ಬಿಟ್ಟು, ನಿಮ್ಮ ಲೈನಲ್ಲಿ ಹೋದ ವಾರ ಏನು ಮೇಳ ಅಂತ ಕೇಳಿದೆ. ತಮಿಳಿನ ಪರೈ, ನಮ್ಮ ತಮಟೆ, ಎರಡೂ ಅಣ್ಣತಮ್ಮಂದಿರು. ಅವಳು ಬಾಯಿ ತೆಗೆದವಳು ಮಾಲೂರು ಬಂದರೂ ನಿಲ್ಲಿಸಲಿಲ್ಲ. ಇದನ್ನೇ ಇಂಗ್ಲಿಷಲ್ಲಿ ಹೇಳು ಅಂದೆ. ನಕ್ಕಳು, ಆಮೇಲೆ ಹೇಳಿದಳು: “ಬಿಫೋರ್ ಬೀಟಿಂಗ್ ದೇ ವಿಲ್ ಶೋ ಇಟ್ ಟು ಫೈರ್. ಸ್ಕಿನ್ ಬಿಕಮ್ಸ್ ಟೈಟ್, ದೆನ್ ಓನ್ಲಿ ವಾಯ್ಸ್ ವಿಲ್ ಕಮ್. ಮೈ ಗ್ರ್ಯಾಂಡ್‌ಮದರ್ ಫ್ರಮ್ ಕಿಚನ್ ವಿಲ್ ಟೆಲ್, ದಿಸ್ ಈಸ್ ಡೆತ್, ದಿಸ್ ಈಸ್ ಫೆಸ್ಟಿವಲ್. ನೋ ನೀಡ್ ಟು ಗೋ ಔಟ್ ಅಂಡ್ ಸೀ.”

ವ್ಯಾಕರಣದಲ್ಲಿ ಅಂಕ ಹೋಗುತ್ತೆ, ಒಪ್ಪಿದೆ. ಆರ್ಟಿಕಲ್‌ಗಳೆಲ್ಲ ಉದುರಿವೆ, ಅವನ್ನ ಎರಡು ವಾರದಲ್ಲಿ ಎತ್ತಿಡಬಹುದು. ಆದರೆ ಇಲ್ಲಿ ಒಂದು ವಾದ್ಯ ಇದೆ, ಅದು ಹೇಗೆ ಕೆಲಸ ಮಾಡುತ್ತೆ ಅಂತ ಇದೆ, ಯಾರು ಹೇಗೆ ಕೇಳ್ತಾರೆ ಅಂತ ಇದೆ. ಒಂದು ವಾಕ್ಯ ಮುಂದಿನದನ್ನ ಕೈಹಿಡಿದು ಕರ್ಕೊಂಡು ಬರುತ್ತೆ. ‘ಪರೈ’ ಅನ್ನೋ ಪದ ಗೊತ್ತಿಲ್ಲದ ಪರೀಕ್ಷಕರಿಗೆ ಅದನ್ನ ಬೇರೆ ಮಾತಲ್ಲಿ ಬಿಡಿಸಿದ್ದೂ ಆಯ್ತು. ಉಚ್ಚಾರಣೆ ಕೂಡ ಬದಲಾಯಿತು. ಪಾರಾಯಣದ ಏಕತಾನ ಹೋಗಿ ಎಲ್ಲಿ ಒತ್ತಬೇಕೋ ಅಲ್ಲಿ ಒತ್ತು ಬಿತ್ತು. ಅಜ್ಜಿ ಬಂದ ಮೇಲೆ ಲಗೇಜ್ ರ‍್ಯಾಕ್ ನೋಡೋದನ್ನೂ ಬಿಟ್ಟಳು.

“ಆದ್ರೆ ಅಕ್ಕಾ, ಇದನ್ನೆಲ್ಲ ಅಲ್ಲಿ ಹೇಳಬಾರ್ದು. ಚೆನ್ನಾಗಿರಲ್ಲ.”

ಈ ‘ಚೆನ್ನಾಗಿರಲ್ಲ’ವನ್ನ ಕೋಚಿಂಗ್ ಸೆಂಟರ್ ಹುಟ್ಟಿಸಿದ್ದಲ್ಲ, ಅದು ಬಳಸ್ಕೊಳ್ತಿದೆ ಅಷ್ಟೇ. ಉತ್ತರ ಆರ್ಕಾಟ್, ಚಿತ್ತೂರಿನ ಕಡೆಯಿಂದ ಬಂದು ಈ ಗಣಿಗಳಿಗೆ ಇಳಿದವರಲ್ಲಿ ಬಹಳಷ್ಟು ಜನ ದಲಿತರು. ಸಾವಿಗೆ ಬಡಿಯುವ ತೊಗಲಿನ ವಾದ್ಯದ ಹೆಸರು ಹೇಳಿದರೆ ಹೇಳಿದವರು ಯಾರು ಅಂತ ಗೊತ್ತಾಗಿಬಿಡುತ್ತೆ ಅನ್ನೋ ಅಳುಕು ಹಳೇದು. ಇಂಗ್ಲೆಂಡಿನ ಪರೀಕ್ಷಕರಿಗೆ ಅದೆಲ್ಲ ಗೊತ್ತಿರಲ್ಲ ಅಂತ ತರ್ಕ ಹೇಳಬಹುದು. ಅಳುಕು ತರ್ಕ ಕೇಳಿ ಬರಲ್ಲ. 2023ರಲ್ಲಿ ಪಕ್ಕದ ಚಿಕ್ಕಬಳ್ಳಾಪುರದ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ತಮಟೆ ರಾಷ್ಟ್ರಪತಿ ಭವನದ ಬಾಗಿಲು ದಾಟಿತು. ಸ್ಪೈರಲ್ ಬೈಂಡಿನ ನೋಟ್ಸಿನೊಳಕ್ಕೆ ಅದಕ್ಕಿನ್ನೂ ಎಂಟ್ರಿ ಸಿಕ್ಕಿಲ್ಲ.

ಇನ್ನೊಂದು ತಮಾಷೆ. ಇವಳ ಊರಿನ ಹೆಸರನ್ನ ದೇಶವಿಡೀ ಗೊತ್ತು ಮಾಡಿದ ಸಿನಿಮಾ ಬಂದಿದ್ದು 2018ರಲ್ಲಿ. ರವಿ ಬಸ್ರೂರರ ಆ ನಗಾರಿ, ಆ ಗುಂಪುದನಿ ಎಲ್ಲರ ಫೋನಲ್ಲೂ ರಿಂಗಾಯ್ತು. ಊರು ಯಾವುದು ಅಂದರೆ ಬೆಂಗಳೂರಿನ ಆಸ್ಪತ್ರೆಯ ಸಹೋದ್ಯೋಗಿಗಳು ಈಗಲೂ ಆ ಟ್ಯೂನು ಗುನುಗ್ತಾರಂತೆ. ಕೆಜಿಎಫ್ ಸದ್ದು ಹೀಗಿರುತ್ತೆ ಅಂತ ಜನ ನಂಬಿದ್ದಾರೆ, ಕೆಜಿಎಫ್ ಹುಡುಗಿ ಮಾತ್ರ ಸಾಫ್ಟ್ ಇನ್‌ಸ್ಟ್ರುಮೆಂಟಲ್ ಅಂತಿದ್ದಾಳೆ.

ಇದನ್ನ ಓದ್ತಿರೋ ನೀವು ಐಇಎಲ್‌ಟಿಎಸ್ ಬರೆಯದೇ ಇರಬಹುದು. ಆದರೆ ಹೊಸ ಟೀಮಿಗೆ ಸೇರಿದ ದಿನ ಎಚ್‌ಆರ್ ನಗ್ತಾ ನಗ್ತಾ ಇದೇ ಪ್ರಶ್ನೆ ಕೇಳಿರ್ತಾರೆ. ಮೀಟಿಂಗ್ ರೂಮಿನ ಸುತ್ತ ಬಂದ ಉತ್ತರಗಳನ್ನ ನೆನಪು ಮಾಡ್ಕೊಳ್ಳಿ. ಲೋ-ಫೈ, ಇಂಡೀ, ಕೋಲ್ಡ್‌ಪ್ಲೇ. ಸಂಜೆ ಅದೇ ಜನ ಪಾರ್ಟಿಯಲ್ಲಿ ಹಂಸಲೇಖ ಹಾಡಿಗೆ ಕುರ್ಚಿ ಸರಿಸಿ ಕುಣೀತಾರೆ. ಅಲ್ಲಿ ಬ್ಯಾಂಡ್ ಕೊಡೋರು ಯಾರೂ ಇರಲಿಲ್ಲ, ಫೀಸೂ ಕಟ್ಟಿರಲಿಲ್ಲ. ನರ್ಸ್ ಹುಡುಗಿಗಾದರೂ ಭಯಕ್ಕೊಂದು ಕಾರಣ ಇದೆ.

ಅವಳ ಪರೀಕ್ಷೆ ಜುಲೈನಲ್ಲಿ ಆಯ್ತು. ಸಂಗೀತದ ಪ್ರಶ್ನೆ ಬರಲೇ ಇಲ್ಲ, ಮಳೆಯ ಬಗ್ಗೆ ಕೇಳಿದರಂತೆ. ಸೈನೈಡ್ ದಿಬ್ಬದ ಮೇಲೆ ಮಳೆ ಬಿದ್ದರೆ ಬೀದಿಗೆ ಏನೇನು ಹರಿದು ಬರುತ್ತೆ ಅಂತ ಹೇಳಿದಳಂತೆ. ಮಾತಿಗೆ 7 ಬಂದಿದೆ. ಬರವಣಿಗೆಗೆ 6, ಬೇಕಿದ್ದದ್ದು 6.5. ಮತ್ತೆ ಫೀಸು ಕಟ್ಟಿದ್ದಾಳೆ. ಈಗ ಪ್ರಬಂಧಗಳ ಮಾಡೆಲ್ ಆನ್ಸರ್ ಕಟ್ಟು ನನ್ನ ಬ್ಯಾಗಲ್ಲಿದೆ, ಇದು ಹಿಂದಿನದಕ್ಕಿಂತ ದಪ್ಪ, ಪೆನ್ಸಿಲ್ ಕೆತ್ತಿಟ್ಟುಕೊಂಡಿದ್ದೀನಿ.